ಹೆದರಿಕೆಗೊಬ್ಬ ಅರ್ಥಧಾರಿ

ಬೇಸಿಗೆಯಲ್ಲಿ ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ನಟರು, ಹಾಡುಗಳು, ಹೊಸ ಸಿನಿಮಾಗಳೇ ಹೆಚ್ಚು. ಆಷಾಢ ಹಿಡಿಯಿತೋ, ದೆವ್ವಗಳು ಶುರು. ಈ ಸಲ ಸಂತೆಗುಳಿಯಿಂದ ಒಂದು ಜಗಳದ ಕಾಗದ ಬಂತು. ಅದರ ಬೆನ್ನಿಗೇ ಕುಮಟಾ, ಹೊನ್ನಾವರ, ಭಟ್ಕಳ ಕಡೆಯಿಂದ ಅದೇ ಧಾಟಿಯ ಇನ್ನಷ್ಟು ಬಂದವು. ಎಲ್ಲಕ್ಕೂ ಒಟ್ಟಿಗೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಾವು ಐದಾರು ಜನ ಗೆಳೆಯರು. ಅಡಿಕೆಗೆ ಕೊಳೆ ಔಷಧಿ ಒಂದು ಸುತ್ತು ಹೊಡೆದು ಮುಗಿಸಿದ ಮೇಲೆ ಶನಿವಾರ ರಾತ್ರಿ ಒಬ್ಬರ ಮನೆಯ ಮೆತ್ತಿನಲ್ಲಿ ಬಿಳಿ ಪಂಚೆ ಕಟ್ಟಿ, ಪ್ರೊಜೆಕ್ಟರ್ ಇಟ್ಟು ಹಳೆಯ ದೆವ್ವದ ಸಿನಿಮಾ ನೋಡುತ್ತೇವೆ. ನಮ್ಮಲ್ಲೊಬ್ಬ ಸಿನಿಮಾ ಹುಚ್ಚ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ಇದನ್ನು ಯಾರು ತೆಗೆದರು, ರಕ್ತ ಯಾವುದರಿಂದ ಮಾಡಿದರು ಎಂದು ಶುರುಮಾಡುತ್ತಾನೆ. ಅರ್ಧ ಜನಕ್ಕೆ ಅದೇ ಮಜಾ. ಉಳಿದರ್ಧ ಜನಕ್ಕೆ ಅವನನ್ನು ಹೊಳೆಗೆ ದೂಡಬೇಕು ಅನ್ನಿಸುತ್ತದೆ. ಅಮೆರಿಕದ ಟಿವಿಯಲ್ಲಿ ಇದೇ ಕೆಲಸಕ್ಕೆ ಸಂಬಳ ಕೊಡುತ್ತಾರೆ ಎನ್ನುವುದು ಅವನ ವಾದ. ಹೌದೇ?
— ಮೆತ್ತಿನ ಬಳಗ, ಸಂತೆಗುಳಿ

ಉತ್ತರ: ಹೌದು, ಕೊಡುತ್ತಾರೆ. ಎಪ್ಪತ್ತು ವರ್ಷದಿಂದ ಕೊಡುತ್ತಿದ್ದಾರೆ.

1954ರಲ್ಲಿ ಲಾಸ್ ಏಂಜಲೀಸ್‌ನ ಒಂದು ಟಿವಿ ಕೇಂದ್ರದಲ್ಲಿ ಮೈಲಾ ನುರ್ಮಿ ಎಂಬಾಕೆ ಕಪ್ಪು ಉಡುಪು ತೊಟ್ಟು, ‘ವ್ಯಾಂಪೈರಾ’ ಎಂಬ ಹೆಸರಿನಲ್ಲಿ ಮಂಜು ಕವಿದ ಓಣಿಯಿಂದ ನಡೆದು ಬಂದಳು. ಮಧ್ಯರಾತ್ರಿ ತೋರಿಸುವ ಅಗ್ಗದ ಸಿನಿಮಾಗಳನ್ನು ಚುಡಾಯಿಸುತ್ತ ಪರಿಚಯಿಸುವುದು ಅವಳ ಕೆಲಸ. 1957ರಲ್ಲಿ ಯೂನಿವರ್ಸಲ್ ಕಂಪನಿಯ 52 ಹಳೆಯ ಚಿತ್ರಗಳು ‘ಶಾಕ್’ ಎಂಬ ಒಂದೇ ಗಂಟಾಗಿ ಊರೂರಿನ ಟಿವಿ ಕೇಂದ್ರಗಳಿಗೆ ಮಾರಾಟವಾದವು. ಕೊಂಡ ಕೇಂದ್ರಗಳು ತಂತಮ್ಮ ಊರಿನ ಒಬ್ಬನಿಗೆ ಬಣ್ಣ ಹಚ್ಚಿ ಕೂರಿಸಿದವು. ಫಿಲಡೆಲ್ಫಿಯಾದ ಜಾನ್ ಝಾಕರ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಸಿನಿಮಾ ಓಡುತ್ತಿರುವಾಗಲೇ ನಡುವೆ ತನ್ನ ಮುಖ ತೂರಿಸಿ ತಮಾಷೆ ಮಾಡುತ್ತಿದ್ದ. 1981ರಲ್ಲಿ ಕೆಂಪು ಸೋಫಾದ ಮೇಲೆ ‘ಎಲ್ವೈರಾ’ ಬಂದಳು. ಷಿಕಾಗೋದ ‘ಸ್ವೆಂಗೂಲಿ’ ಎಂಬ ಪಾತ್ರವನ್ನು ಒಬ್ಬರ ನಂತರ ಒಬ್ಬರು ಉಳಿಸಿಕೊಂಡು ಬಂದಿದ್ದಾರೆ.

ಇವರಲ್ಲಿ ನಿಮ್ಮ ಗೆಳೆಯನಿಗೆ ಹತ್ತಿರದ ನೆಂಟ ಎಂದರೆ ಜೋ ಬಾಬ್ ಬ್ರಿಗ್ಸ್. ನಿಜವಾದ ಹೆಸರು ಜಾನ್ ಬ್ಲೂಮ್, ಪತ್ರಕರ್ತ. ಕೌಬಾಯ್ ವೇಷದಲ್ಲಿ ಕುರ್ಚಿಗೆ ಒರಗಿ, ಚಿತ್ರದಲ್ಲಿ ಎಷ್ಟು ಹೆಣ ಬಿದ್ದವು ಎಂದು ಶ್ಯಾನುಭೋಗರಂತೆ ಲೆಕ್ಕ ಒಪ್ಪಿಸುತ್ತಾನೆ. ನಡುನಡುವೆ ನಿರ್ದೇಶಕನ ಸಾಲ, ನಟಿಯ ಜ್ವರ, ಕ್ಯಾಮೆರಾ ಕೆಟ್ಟ ಕತೆ. 2018ರ ಜುಲೈನಲ್ಲಿ ಅವನು ಬಹಳ ವರ್ಷದ ಮೇಲೆ ಮರಳಿ ಬಂದು 13 ಚಿತ್ರಗಳನ್ನು ಸಾಲಾಗಿ ತೋರಿಸುತ್ತೇನೆ ಎಂದಾಗ, ನೋಡಲು ನುಗ್ಗಿದ ಜನರನ್ನು ತಾಳಲಾರದೆ ಅದನ್ನು ಅಂತರ್ಜಾಲದಲ್ಲಿ ತೋರಿಸುತ್ತಿದ್ದ ಕಂಪನಿಯ ಸರ್ವರೇ ಮಲಗಿತು. ಆ ಚಿತ್ರಗಳಲ್ಲಿ ಹಲವು ಬೇರೆಡೆಯೂ ಸಿಗುವಂಥವೇ. ಜನ ಬಂದದ್ದು ಅವನ ಜೊತೆ ಕೂತು ನೋಡಲಿಕ್ಕೆ.

ಇನ್ನು ನಿಮ್ಮ ಜಗಳಕ್ಕೆ ಬರೋಣ. ಇದರ ತೀರ್ಪಿಗೆ ಅಮೆರಿಕದವರೆಗೆ ಹೋಗಬೇಕಾಗಿಲ್ಲ. ನಿಮ್ಮ ಕಡೆ ತಾಳಮದ್ದಲೆ ಕೇಳದವರು ಯಾರು? ವೇಷವಿಲ್ಲ, ಕುಣಿತವಿಲ್ಲ, ಎದುರು ಬದುರು ಕೂತ ಅರ್ಥಧಾರಿಗಳ ಮಾತೇ ಬಂಡವಾಳ. ಎಷ್ಟೇ ದೊಡ್ಡ ಅರ್ಥಧಾರಿಯಾದರೂ ಭಾಗವತರು ಪದ್ಯ ಮುಗಿಸುವ ಮೊದಲು ಬಾಯಿ ತೆರೆಯುವುದಿಲ್ಲ. ಪದ್ಯ ನಿಂತ ಮೇಲೆ ಅರ್ಥ. ನಿಮ್ಮ ಗೆಳೆಯನಿಗೂ ಅದೇ ಕಟ್ಟಳೆ ಹಾಕಿ. ಶುರುವಿಗೆ ಮೊದಲು ಹತ್ತು ನಿಮಿಷ, ನಡುವೆ ಕಷಾಯ-ಹಪ್ಪಳಕ್ಕೆ ನಿಲ್ಲಿಸಿದಾಗ ಹತ್ತು ನಿಮಿಷ, ಮುಗಿದ ಮೇಲೆ ಬೆಳಗಿನವರೆಗೂ ಮಾತಾಡಲಿ. ದೆವ್ವ ಬರುವ ಹೊತ್ತಿಗೆ ಮಾತ್ರ ಬಾಯಿ ಮುಚ್ಚಿರಬೇಕು. ಅದಕ್ಕೂ ಒಪ್ಪದಿದ್ದರೆ ಹೊಳೆ ಹತ್ತಿರವೇ ಇದೆಯಲ್ಲ.

ಪ್ರಶ್ನೆ: ‘ಕಲ್ಟ್ ಸಿನಿಮಾ’ ಎಂಬ ಮಾತನ್ನು ಈಗ ಎಲ್ಲದಕ್ಕೂ ಅಂಟಿಸುತ್ತಾರೆ. ಹಾಗೆಂದರೇನು? ನಮ್ಮ ಊರಿಗೆ ಬೇಕಾದ ಅನಂತನಾಗ್ ಅವರ ‘ನಾ ನಿನ್ನ ಬಿಡಲಾರೆ’ ಆ ಲೆಕ್ಕಕ್ಕೆ ಬರುತ್ತದೆಯೇ?
— ನಿವೃತ್ತ ಗುಮಾಸ್ತ, ಶಿರಾಲಿ

ಉತ್ತರ: ಒಮ್ಮೆ ನೋಡಿ ಹೊಗಳಿ ಮರೆಯುವ ಚಿತ್ರ ಬೇರೆ. ಕೆಲವರು ಅದನ್ನೇ ಮತ್ತೆ ಮತ್ತೆ ನೋಡಿ, ಮಾತುಗಳನ್ನು ಬಾಯಿಪಾಠ ಮಾಡಿ, ಇನ್ನೊಬ್ಬರನ್ನು ಹಿಡಿದು ತಂದು ಕೂರಿಸುತ್ತಾರಲ್ಲ, ಅದು ಕಲ್ಟ್. ಚಿತ್ರ ಚೆನ್ನಾಗಿರಲೇಬೇಕೆಂಬ ನಿಯಮವೂ ಇಲ್ಲ. ಗೆದ್ದಿರಬೇಕೆಂದೂ ಇಲ್ಲ. ಬಿಡದೆ ಹಿಂಬಾಲಿಸುವ ಒಂದು ಗುಂಪು ಇರಬೇಕು, ಅಷ್ಟೆ.

ಆ ಲೆಕ್ಕದಲ್ಲಿ 1979ರ ‘ನಾ ನಿನ್ನ ಬಿಡಲಾರೆ’ ಮೊದಲ ಸಾಲಿನದು. ಹೆಸರೇ ಹೇಳುತ್ತದೆ, ಅದು ನೋಡಿದವರನ್ನು ಬಿಟ್ಟಿಲ್ಲ. ವಿಜಯ್ ನಿರ್ದೇಶನ, ಲಕ್ಷ್ಮಿ ನಾಯಕಿ, ರಾಜನ್-ನಾಗೇಂದ್ರ ಸಂಗೀತ. ಇದರ ಹೆಚ್ಚುಗಾರಿಕೆ ಒಂದಿದೆ. ದೆವ್ವದ ಕತೆಗಳಲ್ಲಿ ಮೈಮೇಲೆ ಬರಿಸಿಕೊಳ್ಳುವ ಪಾಡು ಸಾಮಾನ್ಯವಾಗಿ ಹೆಂಗಸಿನದು. ಕೂದಲು ಕೆದರುವುದೂ ಅವಳೇ, ಪೆಟ್ಟು ತಿನ್ನುವುದೂ ಅವಳೇ. ಇಲ್ಲಿ ಹೆಣ್ಣಿನ ಪ್ರೇತ ಗಂಡಸಿನ ಮೈ ಹೊಗುತ್ತದೆ. ‘ಸಂಕಲ್ಪ’, ‘ಅಂಕುರ್’, ‘ಹಂಸಗೀತೆ’ಗಳಿಂದ ಬಂದ ಗಂಭೀರ ನಟ ಅದೇ ಮೈಯಲ್ಲಿ ಇನ್ನೊಬ್ಬಳ ನೋಟ, ಇನ್ನೊಬ್ಬಳ ನಗು ತರಬೇಕಾಯಿತು. ಕೊನೆಗೆ ಕಾಯುವವರು ಮಂತ್ರಾಲಯದ ರಾಯರು. ಹಾಗಾಗಿ ದೆವ್ವದ ಚಿತ್ರ ಭಕ್ತಿಯ ಚಿತ್ರವೂ ಆಗಿ, ದೆವ್ವದ ಸಿನಿಮಾ ಎಂದರೆ ಮೂಗು ಮುರಿಯುವ ಮನೆಯ ಹಿರಿಯರೂ ಬಂದು ಕೂರುವಂತಾಯಿತು. ಹಿಂದಿಯಲ್ಲಿ ಇದೇ ‘ಮಂಗಲ್‌ಸೂತ್ರ’ವಾಯಿತು. ಅಲ್ಲಿ ರೇಖಾ ಜೊತೆಗೂ ಅನಂತನಾಗ್ ಅವರೇ.

ನಿಮ್ಮ ಶಿರಾಲಿಯ ಚಿತ್ರಾಪುರ ಮಠದ ಪರಿಸರದಲ್ಲಿ ಬಾಲ್ಯದ ಒಂದಷ್ಟು ಕಾಲ ಕಳೆದವರು ಅವರು. ಪೂಜೆ, ಭಜನೆಗಳ ನಡುವೆ ಬೆಳೆದವನ ಮುಖದ ಮೇಲೆಯೇ ಪ್ರೇತ ಕುಣಿಯುವುದನ್ನು ನಿಮ್ಮೂರಿನವರು ನೋಡುವ ರೀತಿ ಬೇರೆಯವರಿಗೆ ಬರಲಾರದು.

ಇನ್ನೊಂದನ್ನೂ ಪಟ್ಟಿಗೆ ಸೇರಿಸಿ: ಉಪೇಂದ್ರ ನಿರ್ದೇಶಿಸಿದ, ಕುಮಾರ್ ಗೋವಿಂದ್ ನಟಿಸಿದ 1993ರ ‘ಶ್’. ಸಿನಿಮಾ ತೆಗೆಯಲು ಹೋದ ತಂಡಕ್ಕೇ ದೆವ್ವದ ಕಾಟ. ಹೆದರಿಸುವವರನ್ನೇ ಹೆದರಿಸುವ ಈ ತುಂಟತನ ಮುಂದೆ ‘ಎ’ ಚಿತ್ರ ಮಾಡಿದವನ ಕೈಗುರುತು.

ಪ್ರಶ್ನೆ: ‘ಆಪ್ತಮಿತ್ರ’ ಬಿಡುಗಡೆಗೆ ಮೊದಲೇ ಸೌಂದರ್ಯ ಹೋದರು. ‘ಆಪ್ತರಕ್ಷಕ’ ತೆರೆಗೆ ಬರುವ ಮೊದಲು ವಿಷ್ಣುವರ್ಧನ್ ಹೋದರು. ಕತೆಯೊಳಗಿನ ದೆವ್ವ ನಾಗವಲ್ಲಿಯ ಶಾಪ ಎಂದು ನಮ್ಮ ಮನೆಯಲ್ಲಿ ಆ ಎರಡು ಚಿತ್ರ ಹಾಕಲು ಬಿಡುವುದೇ ಇಲ್ಲ. ನೀವೇನು ಹೇಳುತ್ತೀರಿ?
— ಓದುಗಿ, ಹೊನ್ನಾವರ

ಉತ್ತರ: ತಾರೀಕುಗಳು ನಿಜ. ಸೌಂದರ್ಯ 2004ರ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡರು; ‘ಆಪ್ತಮಿತ್ರ’ ಅದೇ ಆಗಸ್ಟ್‌ನಲ್ಲಿ ಬಂತು. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಹೃದಯಾಘಾತದಿಂದ ಹೋದರು; ‘ಆಪ್ತರಕ್ಷಕ’ 2010ರ ಫೆಬ್ರುವರಿಯಲ್ಲಿ ಬಂತು. ಎರಡೂ ಸಾವು ಕನ್ನಡಿಗರ ಮನೆಯ ಸಾವಿನಂತೆ ತಟ್ಟಿದ್ದರಿಂದಲೇ ಇಂಥ ಮಾತು ಹುಟ್ಟಿತು.

ಆದರೆ ಶಾಪದ ಲೆಕ್ಕ ಪೂರ್ತಿ ಮಾಡಿ. ಈ ಕತೆ ಹುಟ್ಟಿದ್ದು 1993ರ ಮಲಯಾಳಂ ‘ಮಣಿಚಿತ್ರತಾಳ್’ನಲ್ಲಿ, ನಾಗವಲ್ಲಿಯೂ ಅಲ್ಲಿಯವಳೇ. ಆ ಪಾತ್ರಕ್ಕೆ ರಾಷ್ಟ್ರ ಪ್ರಶಸ್ತಿ ಪಡೆದ ಶೋಭನಾ ಇಂದಿಗೂ ಕುಣಿಯುತ್ತಿದ್ದಾರೆ. ಮೋಹನ್‌ಲಾಲ್ ಇದ್ದಾರೆ. ತಮಿಳಿನ ‘ಚಂದ್ರಮುಖಿ’ಯ ರಜನೀಕಾಂತ್, ಜ್ಯೋತಿಕಾ ಇದ್ದಾರೆ. ಹಿಂದಿಯ ‘ಭೂಲ್ ಭುಲಯ್ಯಾ’ದ ವಿದ್ಯಾ ಬಾಲನ್, ಅಕ್ಷಯ್ ಕುಮಾರ್ ಇದ್ದಾರೆ. ಕನ್ನಡಕ್ಕೆ ಮಾತ್ರ ತಗಲುವ ಶಾಪ ಯಾವುದು?

ದೊಡ್ಡ ತಮಾಷೆ ಎಂದರೆ, ‘ಆಪ್ತಮಿತ್ರ’ ಹೇಳುವುದೇ ಇದರ ಉಲ್ಟಾ. ಸೌಂದರ್ಯ ಮಾಡಿದ ಗಂಗಾಳ ಮೈಮೇಲೆ ಯಾರೂ ಬಂದಿಲ್ಲ, ಅವಳ ಮನಸ್ಸಿಗೆ ಗಾಯವಾಗಿದೆ, ಅದಕ್ಕೆ ಬೇಕಾದದ್ದು ಮನೋವೈದ್ಯ ಎನ್ನುತ್ತದೆ ಕತೆ. ವೈದ್ಯನನ್ನು ತೋರಿಸಿದ ಚಿತ್ರವನ್ನೇ ಶಾಪಗ್ರಸ್ತ ಎಂದು ಕಪಾಟಿನಲ್ಲಿಟ್ಟರೆ ಹೇಗೆ? ಪಕ್ಕದಲ್ಲಿ ತಿಳಿದವನೊಬ್ಬ ಕೂರಬೇಕು ಎನ್ನುವುದು ಇಂಥ ಕಡೆಗೇ. ರಕ್ತ ಚಾಕಲೇಟಿನದು ಎಂದು ಹೇಳುವುದು ಅವನ ಸಣ್ಣ ಕೆಲಸ. ಸುಳ್ಳು ಹೆದರಿಕೆಯನ್ನು ನಿಜವಾದ ಹೆದರಿಕೆಯಿಂದ ಬೇರೆ ಮಾಡಿ ಕೊಡುವುದು ದೊಡ್ಡದು. ಚಿತ್ರ ಹಾಕಿ. ಸೌಂದರ್ಯ ಅವರ ಅಭಿನಯ ನೋಡಿ. ಅವರಿಗೆ ಸಲ್ಲಬೇಕಾದದ್ದು ಅದು.

ಪ್ರಶ್ನೆ: ಹಾಸ್ಟೆಲಿನಲ್ಲಿ ಐದು ಶನಿವಾರಕ್ಕೆ ಐದು ಹಾರರ್ ಚಿತ್ರ ತೋರಿಸುವ ಹೊಣೆ ನನ್ನ ಮೇಲೆ ಬಿದ್ದಿದೆ. ಯಾವುದು, ಶುರುವಿಗೆ ಮೊದಲು ಏನು ಹೇಳಲಿ?
— ಕಾಲೇಜು ವಿದ್ಯಾರ್ಥಿ, ಕುಮಟಾ

ಉತ್ತರ: ಒಂದೊಂದು ಚಿತ್ರಕ್ಕೆ ಒಂದೇ ಒಂದು ಕತೆ ಸಾಕು. ಹೆಚ್ಚು ಹೇಳಿದರೆ ಪಾಠವಾಗುತ್ತದೆ.

ಮೊದಲ ಶನಿವಾರ ‘ನೊಸ್ಫೆರಾಟು’, 1922, ಜರ್ಮನಿ, ಮುರ್ನಾವ್. ‘ಡ್ರಾಕುಲಾ’ ಕಾದಂಬರಿಯ ಹಕ್ಕು ಕೊಳ್ಳದೆ, ಹೆಸರು ಬದಲಿಸಿ ತೆಗೆದರು. ಲೇಖಕನ ವಿಧವೆ ದಾವೆ ಹೂಡಿ ಗೆದ್ದಳು. ಪ್ರತಿಗಳನ್ನೆಲ್ಲ ನಾಶಮಾಡಿ ಎಂದು ಕೋರ್ಟು ಹೇಳಿತು. ಕೆಲವು ಹೇಗೋ ತಪ್ಪಿಸಿಕೊಂಡವು. ಸತ್ತಿತು ಎಂದುಕೊಂಡದ್ದು ಎದ್ದು ಬಂದ ಚಿತ್ರ ಇದು. ಬಿಸಿಲು ತಾಗಿದರೆ ರಕ್ತಪಿಶಾಚಿ ಸಾಯುತ್ತದೆ ಎಂಬ ನಂಬಿಕೆ ಹರಡಿದ್ದೂ ಇದರಿಂದಲೇ. ಮೂಲ ಕಾದಂಬರಿಯ ಡ್ರಾಕುಲಾ ಹಗಲಿನಲ್ಲೂ ಓಡಾಡುತ್ತಾನೆ.

ಎರಡನೆಯದು ಹಿಚ್‌ಕಾಕ್‌ನ ‘ಸೈಕೋ’, 1960. ಸ್ನಾನದ ಮನೆಯ ಮುಕ್ಕಾಲು ನಿಮಿಷದ ದೃಶ್ಯಕ್ಕೆ ಒಂದು ವಾರ ಚಿತ್ರೀಕರಣ. ಚರಂಡಿಗೆ ಹರಿಯುವುದು ಚಾಕಲೇಟ್ ಪಾಕ. ಅಲ್ಲಿ ಸಂಗೀತವೇ ಬೇಡ ಎಂದಿದ್ದ ಹಿಚ್‌ಕಾಕ್. ಸಂಗೀತಗಾರ ಬರ್ನಾರ್ಡ್ ಹರ್ಮನ್ ಕೇಳಲಿಲ್ಲ, ಪಿಟೀಲುಗಳನ್ನು ಕಿರುಚಿಸಿದ. ಮುಗಿದ ಮೇಲೆ ಅದೇ ದೃಶ್ಯವನ್ನು ಸದ್ದು ನಿಲ್ಲಿಸಿ ಇನ್ನೊಮ್ಮೆ ತೋರಿಸಿ. ಹೆದರಿಕೆ ಹೊಗುವುದು ಕಿವಿಯಿಂದ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗುವುದಿಲ್ಲ.

ಮೂರನೆಯದು ಜಾರ್ಜ್ ರೊಮೆರೊನ ‘ನೈಟ್ ಆಫ್ ದ ಲಿವಿಂಗ್ ಡೆಡ್’, 1968. ಕೊನೆ ಗಳಿಗೆಯಲ್ಲಿ ಚಿತ್ರದ ಹೆಸರು ಬದಲಾಯಿತು. ಹೊಸ ಹೆಸರಿನ ಪಟ್ಟಿಯಲ್ಲಿ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋಯಿತು. ಆಗಿನ ಅಮೆರಿಕದ ಕಾನೂನಿನಂತೆ ಚಿತ್ರ ಎಲ್ಲರ ಸ್ವತ್ತಾಯಿತು. ಮಾಡಿದವನಿಗೆ ನಷ್ಟ, ಆದರೆ ಯಾವ ಟಿವಿ ಕೇಂದ್ರವಾದರೂ ಪುಕ್ಕಟೆ ಹಾಕಬಹುದಾದ್ದರಿಂದಲೇ ಅದು ಮನೆಮನೆ ಹೊಕ್ಕಿತು. ನಾಯಕ ಕರಿಯ. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ವರ್ಷವೇ ಬಂದ ಚಿತ್ರ. ಕೊನೆಯ ದೃಶ್ಯ ನೋಡುವಾಗ ಇದು ನೆನಪಿರಲಿ.

ನಾಲ್ಕನೆಯದು ನಮ್ಮವರೇ ಆದ ರಾಮ್ಸೆ ಸಹೋದರರ ‘ಪುರಾನಾ ಮಂದಿರ್’, 1984. ಏಳು ಜನ ಅಣ್ಣತಮ್ಮಂದಿರು. ಒಬ್ಬ ಕ್ಯಾಮೆರಾ, ಒಬ್ಬ ಸದ್ದು, ಒಬ್ಬ ಕತೆ. ಇವರ ತಂದೆಯ ಒಂದು ಚಿತ್ರ 1970ರಲ್ಲಿ ಮಕಾಡೆ ಮಲಗಿತು. ಅದರಲ್ಲಿ ಪೃಥ್ವಿರಾಜ್ ಕಪೂರ್ ದೆವ್ವದ ಮುಖವಾಡ ಹಾಕಿ ಬರುವ ಒಂದು ದೃಶ್ಯಕ್ಕೆ ಮಾತ್ರ ಜನ ಕೂತಲ್ಲೇ ನಡುಗುವುದನ್ನು ಮಕ್ಕಳು ಗಮನಿಸಿದರು. ಹಾಗಾದರೆ ಪೂರ್ತಿ ಚಿತ್ರವೇ ಅಂಥದ್ದಾದರೆ? 1972ರಲ್ಲಿ ‘ದೋ ಗಜ್ ಜಮೀನ್ ಕೇ ನೀಚೆ’ ಬಂತು. ಮನೆತನಕ್ಕೆ ಅದೇ ಕಸುಬಾಯಿತು. 1993ರಲ್ಲಿ ಶುರುವಾದ ‘ಜೀ ಹಾರರ್ ಶೋ’ ಕೂಡ ಇವರದೇ.

ಐದನೆಯದು ಪವನ್ ಕುಮಾರ್ ಅವರ ‘ಯು ಟರ್ನ್’, 2016. ಬೆಂಗಳೂರಿನ ಒಂದು ಮೇಲ್ಸೇತುವೆಯಲ್ಲಿ ಜನ ರಸ್ತೆ ನಡುವಿನ ಕಲ್ಲು ಸರಿಸಿ ಬೈಕು ತಿರುಗಿಸಿಕೊಳ್ಳುತ್ತಾರೆ. ಸರಿಸಿದ ಕಲ್ಲು ಅಲ್ಲೇ ಬಿದ್ದಿರುತ್ತದೆ. ಹಾಳು ಬಂಗಲೆ ಇಲ್ಲ, ಮುದಿ ಆಲದ ಮರ ಇಲ್ಲ. ನಾವು ದಿನಾ ಮಾಡುವ ಸಣ್ಣ ತಪ್ಪಿನಿಂದ ಎದ್ದ ದೆವ್ವ. ಆ ರಾತ್ರಿ ಹಾಸ್ಟೆಲಿಗೆ ಬೈಕಿನಲ್ಲಿ ಬರುವವರು ದೂರವಾದರೂ ಸರಿಯಾದ ದಾರಿಯಲ್ಲೇ ಬಂದಾರು.

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ. ಅಣ್ಣಂದಿರು ದೆವ್ವದ ಸಿನಿಮಾ ಹಾಕಿದರೆ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಾಳೆ. ರಾತ್ರಿ ನನ್ನ ಸೆರಗು ಹಿಡಿದೇ ಮಲಗುತ್ತಾಳೆ. ಬೈದರೆ ಕೇಳುವುದಿಲ್ಲ.
— ತಾಯಿ, ಹೊನ್ನಾವರ

ಉತ್ತರ: ಬಾಗಿಲ ಸಂದಿಯಿಂದ ನೋಡುವುದೇ ಎಲ್ಲಕ್ಕಿಂತ ಹೆಚ್ಚು ಹೆದರಿಸುತ್ತದೆ. ಕಾಣದ ಅರ್ಧವನ್ನು ಮಗುವಿನ ಮನಸ್ಸೇ ತುಂಬಿಕೊಳ್ಳುತ್ತದಲ್ಲ! ಯಕ್ಷಗಾನದಲ್ಲಿ ಬಣ್ಣದ ವೇಷ ಬರುವುದು ಹೇಗೆ ನೆನಪಿಸಿಕೊಳ್ಳಿ. ಮೊದಲು ತೆರೆ. ಅದರ ಮೇಲೆ ಕಿರೀಟದ ತುದಿ. ಆಮೇಲೆ ಬೆರಳು, ಆರ್ಭಟ. ಪೂರ್ತಿ ರಾಕ್ಷಸ ಎದುರು ನಿಂತಾಗ ಅರ್ಧ ಹೆದರಿಕೆ ಇಳಿದಿರುತ್ತದೆ. 1975ರ ‘ಜಾಸ್’ ಚಿತ್ರಕ್ಕೆ ಮಾಡಿಸಿದ ಯಂತ್ರದ ಶಾರ್ಕ್ ಉಪ್ಪು ನೀರಿಗೆ ಪದೇ ಪದೇ ಕೈಕೊಟ್ಟಿತು. ಬೇರೆ ದಾರಿಯಿಲ್ಲದೆ ಸ್ಪೀಲ್‌ಬರ್ಗ್ ಅದನ್ನು ಬಹಳ ಹೊತ್ತು ತೋರಿಸಲೇ ಇಲ್ಲ. ನಮ್ಮ ಮೇಳದವರಿಗೆ ಗೊತ್ತಿದ್ದ ಗುಟ್ಟನ್ನು ಅವನಿಗೆ ಕೆಟ್ಟ ಯಂತ್ರ ಕಲಿಸಿತು.

ಹಾಗಾಗಿ ಎರಡರಲ್ಲಿ ಒಂದು ಮಾಡಿ: ಬಾಗಿಲು ಪೂರ್ತಿ ಮುಚ್ಚಿ, ಇಲ್ಲವೇ ಒಳಗೆ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವುದು ಎನ್ನುವುದಕ್ಕೆ ಪ್ರಮಾಣಪತ್ರ ನೋಡಿ. ‘ಎ’ ಇದ್ದರೆ ಬಾಗಿಲು ಮುಚ್ಚುವುದೇ. ‘ಯುಎ’ಯನ್ನು ಈಗ ವಯಸ್ಸಿಗೆ ತಕ್ಕಂತೆ 7+, 13+, 16+ ಎಂದು ಮೂರು ಮಾಡಿದ್ದಾರೆ, 2024ರಿಂದ ಬಂದ ನಿಯಮ ಇದು. ಒಂಬತ್ತರ ಮಗುವಿಗೆ 7+ ಚಿತ್ರವನ್ನು ನೀವು ಜೊತೆಗಿದ್ದು ತೋರಿಸಬಹುದು. ಹೆದರಿಕೆಯ ಜಾಗ ಬಂದಾಗ ಸದ್ದು ತಗ್ಗಿಸಿ, ಆ ಮುಖಕ್ಕೆ ಬಣ್ಣ ಹೇಗೆ ಬಳಿದಿರಬಹುದು ಎಂದು ಅವಳನ್ನೇ ಕೇಳಿ. ಚೌಕಿಗೆ ಕರೆದುಕೊಂಡು ಹೋಗಿ ರಾಕ್ಷಸ ವೇಷದವರು ಬಣ್ಣ ಬಳಿದುಕೊಳ್ಳುತ್ತ ಚಹಾ ಕುಡಿಯುವುದನ್ನು ತೋರಿಸಿದರೆ ಇನ್ನೂ ಒಳ್ಳೆಯದು. ಆದರೂ ರಾತ್ರಿ ನಿದ್ದೆ ಕೆಡುತ್ತಿದ್ದರೆ, ಕೆಲವು ವರ್ಷ ಕಾಯಿರಿ. ದೆವ್ವಗಳಿಗೆ ಅವಸರವಿಲ್ಲ.

ಪ್ರಶ್ನೆ: ಇಂಗ್ಲಿಷಿನವರಿಗಿರುವಂತೆ ಕನ್ನಡ ಟಿವಿಯಲ್ಲಿ ಹಾರರ್ ಚಿತ್ರಕ್ಕೆ ಪೀಠಿಕೆ ಹಾಕುವ ಒಬ್ಬ ತಿಳಿದವರು ಯಾಕಿಲ್ಲ?
— ಶಿಕ್ಷಕ, ಭಟ್ಕಳ

ಉತ್ತರ: ಹೆದರಿಸುವ ಕೆಲಸ ನಮ್ಮ ಟಿವಿ ಚೆನ್ನಾಗಿಯೇ ಮಾಡಿದೆ. 1990ರ ಆಸುಪಾಸಿನಲ್ಲಿ ದೂರದರ್ಶನದಲ್ಲಿ ಬಂದ ‘ಗುಡ್ಡದ ಭೂತ’ ನೆನಪಿರುವವರು ಕರಾವಳಿಯಲ್ಲಿ ಇನ್ನೂ ಬೇಕಾದಷ್ಟು. ‘ಘಟಶ್ರಾದ್ಧ’ದ ನಿರ್ಮಾಪಕರಾಗಿದ್ದ ಸದಾನಂದ ಸುವರ್ಣ ಅದರ ನಿರ್ದೇಶಕರು; ಹರೆಯದ ಪ್ರಕಾಶ್ ರೈ ಅದರಲ್ಲಿದ್ದರು. ಅದರ ‘ಡೆನ್ನಾನ’ ಹಾಡಿನ ಗುಂಗು ಎಷ್ಟು ಗಟ್ಟಿ ಎಂದರೆ, 2015ರ ‘ರಂಗಿತರಂಗ’ ಅದನ್ನು ಮತ್ತೆ ಎಬ್ಬಿಸಿ ತಂದಿತು. ಆ ಹಾಡು ಕೇಳಿ ಕಂಬಳಿಯೊಳಗೆ ತಲೆ ಹುದುಗಿಸಿದವರೇ ಮುಂದೆ ಥಿಯೇಟರಿನಲ್ಲಿ ಚಪ್ಪಾಳೆ ಹೊಡೆದರು.

ಕೊರತೆ ಇರುವುದು ವಿವರಿಸುವ ಕಡೆ. ಬಿಬಿಸಿ 1988ರಲ್ಲಿ ‘ಮೂವಿಡ್ರೋಮ್’ ಶುರುಮಾಡಿ, ಅಲೆಕ್ಸ್ ಕಾಕ್ಸ್ ಎಂಬ ನಿರ್ದೇಶಕನನ್ನೇ ಕೂರಿಸಿ ‘ದ ವಿಕರ್ ಮ್ಯಾನ್’ಗೆ ಪೀಠಿಕೆ ಹಾಕಿಸಿತು. ನಮ್ಮಲ್ಲಿ ಸಿನಿಮಾದ ನಡುವಿನ ಬಿಡುವು ಪೂರ್ತಿ ಜಾಹೀರಾತಿನ ಪಾಲು. ಆದರೆ ಟಿವಿ ಮಾಡದ್ದನ್ನು ಒಂದು ಹಳ್ಳಿ ಮಾಡಿತ್ತು. ನಿಮ್ಮಿಂದ ಘಟ್ಟ ಹತ್ತಿದರೆ ಹೆಗ್ಗೋಡು. ಕೆ.ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿತು. ಪುಣೆಯ ಸತೀಶ್ ಬಹಾದೂರ್ ಅಂಥವರು ಬಂದು ಅಡಿಕೆ ಬೆಳೆಗಾರರ ಜೊತೆ ಕೂತು ‘ಪಥೇರ್ ಪಾಂಚಾಲಿ’ಯ ಒಂದೊಂದು ದೃಶ್ಯ ಬಿಡಿಸಿ ತೋರಿಸಿದರು. ಇಂಗ್ಲಿಷ್ ಬಾರದ, ಬಂಗಾಳಿ ತಿಳಿಯದ ಜನ ಅದರ ಬಗ್ಗೆ ಗಂಟೆಗಟ್ಟಲೆ ವಾದ ಮಾಡಿದರು. ಅಲ್ಲಿ ದೆವ್ವದ ಚಿತ್ರಗಳಿಗೆ ಅಂಥ ಗೌರವ ಸಿಕ್ಕಿರಲಿಕ್ಕಿಲ್ಲ. ದಾರಿ ಮಾತ್ರ ಅದೇ: ಒಂದು ಪರದೆ, ಒಂದಿಷ್ಟು ಜನ, ಎದ್ದು ನಿಂತು ನಾಲ್ಕು ಮಾತು ಆಡಬಲ್ಲ ಒಬ್ಬರು. ಮೇಷ್ಟ್ರೇ, ನಿಮ್ಮ ಶಾಲೆಯ ದೊಡ್ಡ ಕೋಣೆ ಶನಿವಾರ ಮಧ್ಯಾಹ್ನ ಖಾಲಿ ಇರುತ್ತದಲ್ಲವೇ?

ಪ್ರಶ್ನೆ: ನನಗೆ ಎಂಬತ್ತಾಯಿತು. ಮೊಮ್ಮಗ ಮತ್ತವನ ಗೆಳೆಯರು ದೆವ್ವ ನೋಡಲು ಶನಿವಾರ ನಮ್ಮ ಮೆತ್ತು ಹತ್ತುತ್ತಾರೆ. ನಮ್ಮ ಕಾಲದಲ್ಲಿ ರಾತ್ರಿ ಸಂಕ ದಾಟಿ ತೋಟಕ್ಕೆ ಹೋದರೆ ಸಾಕಿತ್ತು. ಕೊಳ್ಳಿದೆವ್ವ, ಬ್ರಹ್ಮರಾಕ್ಷಸ ಎಲ್ಲ ಪುಕ್ಕಟೆ. ಜಟಕನ ಕಟ್ಟೆಯ ಹತ್ತಿರ ಉಗುಳಲೂ ಹೆದರುತ್ತಿದ್ದೆವು. ಈಗ ಅವೆಲ್ಲ ಎಲ್ಲಿ ಹೋದವು?
— ಒಬ್ಬ ಅಜ್ಜ, ಸಂತೆಗುಳಿ

ಉತ್ತರ: ಅಜ್ಜಾ, ಕರೆಂಟಿನ ಕಂಬ ಬಂದ ವರ್ಷವೇ ಅವು ಊರು ಬಿಡಲು ಶುರುಮಾಡಿರಬೇಕು. ಸೂಡಿ ಹಿಡಿದು ನಡೆಯುವವನಿಗೆ ಬೆಳಕಿನ ಆಚೆಗೆ ಏನಿದೆ ಎಂಬುದೇ ಯೋಚನೆ. ಟಾರ್ಚು ಹಿಡಿದವನಿಗೆ ಸೆಲ್ಲು ಯಾವಾಗ ಮುಗಿಯುತ್ತದೆ ಎಂಬುದೊಂದೇ. ಕೆಲವು ಬೆಂಗಳೂರಿಗೆ ಹೋಗಿ ನೆಲೆಸಿದವು. ಅಲ್ಲಿ ಒಂದು ಕಾಲಕ್ಕೆ ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಮುಂದೂಡಿದರು. 2018ರಲ್ಲಿ ‘ಸ್ತ್ರೀ’ ಎಂಬ ಹಿಂದಿ ಸಿನಿಮಾ ಅಂಥದೇ ಗೋಡೆಬರಹದ ಮೇಲೆ ನಿಂತಿತು.

ಈ ಪುಟದ ಮೊದಲ ಕಾಗದವನ್ನು ಒಮ್ಮೆ ಓದಿ. ಅದೂ ನಿಮ್ಮೂರಿನದೇ, ಬಹುಶಃ ನಿಮ್ಮ ಮೆತ್ತಿನದೇ. ಅಲ್ಲಿ ಒಬ್ಬ ಹುಡುಗ ಅಮೆರಿಕದ ದೆವ್ವಕ್ಕೆ ಅರ್ಥ ಹೇಳುತ್ತಿದ್ದಾನೆ, ಉಳಿದವರು ಅವನನ್ನು ಹೊಳೆಗೆ ದೂಡಲು ನೋಡುತ್ತಿದ್ದಾರೆ. ಆ ಹತ್ತು ನಿಮಿಷದ ಪೀಠಿಕೆಗೆ ಈ ಶನಿವಾರ ನೀವೇ ಮೆತ್ತು ಹತ್ತಿ. ಸಂಕದ ಕತೆ ಹೇಳಿ, ಆದರೆ ಕೊನೆಯ ತುಣುಕು ಉಳಿಸಿಕೊಳ್ಳಿ. ಚಿತ್ರ ಮುಗಿದು ಹುಡುಗರು ಚಪ್ಪಲಿ ಹುಡುಕುವ ಹೊತ್ತಿಗೆ ಅದನ್ನು ಹೇಳಿ ಮಲಗಿಬಿಡಿ.

ಅವರೆಲ್ಲ ಕತ್ತಲಲ್ಲಿ ತೋಟ ದಾಟಿಯೇ ಮನೆ ಸೇರಬೇಕಲ್ಲ.